ಮನೆಯವರೆಲ್ಲ ಬಳಸಬಹುದಾದ ಹ್ಯಾಂಡ್‌ಗನ್ ಯಾವುದು?

ಟೆಕ್ಸಸ್‌ನ ಮನೆಗೆ ಒಂದೇ ಗನ್ ಬೇಕು, ನೀವು, ಹೆಂಡತಿ, ಅಮ್ಮ ಮೂವರೂ ಬಳಸುವಂತಿರಬೇಕು, ಪುಟ್ಟ ರಿವಾಲ್ವರ್ ಸಾಕಾ ಅಂತ ಕೇಳಿದ್ದೀರಿ.

ಬೇಡ. ಗನ್ ಹಗುರವಾದಷ್ಟೂ ಗುಂಡು ಹಾರಿದಾಗ ಕೈಗೆ ಬೀಳುವ ಒದೆ ಜಾಸ್ತಿ. ಪುಟ್ಟ ರಿವಾಲ್ವರ್‌ಗಳ ಟ್ರಿಗರ್ ಕೂಡ ಬಿಗಿ. ಮನೆಯಲ್ಲೇ ಇರುವ ಗನ್ ಜೇಬಿಗೆ ಹಿಡಿಸಬೇಕಿಲ್ಲ ಅಲ್ವಾ? ಸ್ವಲ್ಪ ತೂಕವಾಗಿಯೇ ಇರಲಿ.

ಪಿಸ್ತೂಲಿನಲ್ಲಿ ಅಮ್ಮನಿಗೆ ಕಷ್ಟವಾಗುವುದು ಸ್ಲೈಡ್, ಅಂದರೆ ಮೇಲೆ ಹಿಂದೆ-ಮುಂದೆ ಜಾರುವ ಭಾಗ. ಮೊದಲ ಗುಂಡು ನಳಿಗೆಗೆ ಹೋಗಬೇಕಾದರೆ ಅದನ್ನು ಪೂರ್ತಿ ಹಿಂದಕ್ಕೆಳೆದು ಬಿಡಬೇಕು. ಸ್ಪ್ರಿಂಗ್ ಗಟ್ಟಿಯಿದ್ದರೆ ಬೆರಳು ಜಾರುತ್ತದೆ. ಸ್ಮಿತ್ ಆಂಡ್ ವೆಸ್ಸನ್ ಕಂಪನಿ 2018ರಲ್ಲಿ ತಂದ .380 ಶೀಲ್ಡ್ ಈಝಿ ಪಿಸ್ತೂಲು ಇದಕ್ಕೆಂದೇ ಮಾಡಿದ್ದು. ಸ್ಲೈಡ್ ಸಲೀಸು, ಒದೆ ಕಡಿಮೆ. 8 ಗುಂಡು ಹಿಡಿಸುವ ಮ್ಯಾಗಜೀನ್‌ಗೆ (ಗುಂಡು ತುಂಬುವ ಡಬ್ಬಿ) ಪಕ್ಕದಲ್ಲೊಂದು ಗುಬುಟಿದೆ, ಅದನ್ನು ಕೆಳಗೆ ಒತ್ತಿ ಹಿಡಿದರೆ ಗುಂಡು ತುಂಬಲು ಹೆಬ್ಬೆರಳು ನೋಯುವುದಿಲ್ಲ. ಆದರೆ ಹಿಡಿಯ ಹಿಂದೆ ಸೇಫ್ಟಿ ಇದೆ. ಬಿಗಿಯಾಗಿ ಹಿಡಿಯದಿದ್ದರೆ ಗುಂಡು ಹಾರುವುದಿಲ್ಲ. ಹಾಗಾಗಿ ಸುಮ್ನೆ ಕೊಂಡುಬಿಡಬೇಡಿ. ಗನ್ ಬಾಡಿಗೆಗೆ ಕೊಡುವ ಶೂಟಿಂಗ್ ರೇಂಜ್‌ಗೆ ಮೂವರೂ ಹೋಗಿ, ತರಬೇತುದಾರರ ಎದುರು ಹೊಡೆದು ನೋಡಿ. ಕೈಬಲ ಕಡಿಮೆ ಇರುವವರ ಮಾತೇ ಕೊನೆ ಮಾತಾಗಲಿ.

ಎಚ್-1ಬಿಯಂಥ ವೀಸಾದಲ್ಲಿದ್ದರೆ ಮೊದಲು ವಕೀಲರನ್ನು ಕೇಳಿ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಅಂಥ ವೀಸಾದವರು ಗನ್ ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ತಡೆಯುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ.

ಮಕ್ಕಳಿದ್ದರೆ ಗನ್ ಜೊತೆಗೇ ಬೀಗದ ಪೆಟ್ಟಿಗೆಯನ್ನೂ ತನ್ನಿ. ಬೀರುವಿನ ಮೇಲೆ, ದಿಂಬಿನ ಕೆಳಗೆ ಖಂಡಿತ ಬೇಡ. ಗುಂಡು ತುಂಬಿದ ಗನ್ ಅಜಾಗರೂಕತೆಯಿಂದ ಬಿಟ್ಟು, ಅದು 17 ವರ್ಷದೊಳಗಿನವರ ಕೈಗೆ ಸಿಕ್ಕರೆ ಟೆಕ್ಸಸ್‌ನಲ್ಲಿ ಅಪರಾಧ.