ಬೀಜಕ್ಕೆ ಬಿಟ್ಟ ಅಂಜನ ಹುಲ್ಲಿನಲ್ಲಿ ಕಸ ಜಾಸ್ತಿ, ಹುಲ್ಲು ಹಳದಿ: ಯೂರಿಯಾ ಎಷ್ಟು ಹಾಕಲಿ?

ಶಹಾಪುರದ ಹತ್ತಿರ ಎರಡು ಎಕರೆ ಎರೆ ಹೊಲದಲ್ಲಿ ಬೀಜಕ್ಕಾಗಿ ಅಂಜನ ಎಂಬ ಮೇವಿನ ಹುಲ್ಲು ಹಾಕಿದ್ದೇನೆ ಅಂದಿದ್ದೀರಿ. ನಾನು ಆಳಂದದ ಕಡೆಯವನು, ಇದೇ ಹುಲ್ಲಿನ ಬೀಜ ಮಾಡುತ್ತೇನೆ. ಈಗಲೇ ಯೂರಿಯಾ ಹಾಕಬೇಡಿ. ಅಂಜನ ಮೊದಲ ವರ್ಷ ಬಹಳ ನಿಧಾನ. ಗೊಬ್ಬರ ಬಿದ್ದರೆ ಮೊದಲು ಎದ್ದು ನಿಲ್ಲುವುದು ಕಸವೇ.

ಕಾಂಗ್ರೆಸ್ ಕಸದಂಥವು ಕಣ್ಣಿಗೆ ಕಾಣುತ್ತವೆ, ಕಿತ್ತರೆ ಆಯ್ತು. ನನಗೆ ಭಯ ಇರುವುದು ಹುಲ್ಲಿನೊಳಗೆ ಬೆಳೆಯುವ ಬೇರೆ ಹುಲ್ಲಿನದ್ದು. ಮೇವಿಗಾದರೆ ಅದನ್ನೂ ದನ ತಿನ್ನುತ್ತದೆ, ಬಿಡಿ. ಬೀಜದ ಬೆಳೆಯಲ್ಲಿ ಅದು ನೇರ ಚೀಲಕ್ಕೆ ಬರುತ್ತದೆ. ಅಂಜನದ ಬೀಜಕ್ಕೆ ಸುತ್ತಲೂ ಜುಂಗು, ಅಲ್ವಾ? ಮೊರದಲ್ಲಿ ಹಾಕಿ ಕೇರಿದರೆ ಒಂದಕ್ಕೊಂದು ಅಂಟಿ ಉಂಡೆಯಾಗುತ್ತದೆ. ಒಳಗೆ ಸಿಕ್ಕ ಕಸದ ಬೀಜ ಹೊರಗೆ ಬೀಳುವುದೇ ಇಲ್ಲ. ಅದಕ್ಕೇ ತೆನೆ ಹೊರಬಿದ್ದಾಗ ಸಾಲು ಹಿಡಿದು ನಡೆಯಿರಿ. ಅಂಜನದ ತೆನೆ ನರಿ ಬಾಲದ ಹಾಗೆ ಒಂಟಿ, ಗರಿಕೆಯದ್ದು ಬೆರಳು ಬಿಡಿಸಿದ ಹಾಗೆ. ಬೇರೆ ಕಂಡದ್ದನ್ನು ಬೇರು ಸಮೇತ ತೆಗೆಯಿರಿ. ಸಾಲಿನ ನಡುವೆ ಜಾಗ ಇದ್ದರೆ ಎಡೆ ಹೊಡೆಸಿ.

ಅಂಗಡಿಯಲ್ಲಿ 2,4-ಡಿ ಎಂಬ ಕಳೆನಾಶಕ ಕೊಡುತ್ತಾರೆ. ಅದು ಹುಲ್ಲು ಬಿಟ್ಟು ಅಗಲ ಎಲೆಯ ಕಸ ಸಾಯಿಸುತ್ತದೆ, ನಿಜ. ಆದರೆ ಹತ್ತಿ, ತೊಗರಿಯೂ ಅಗಲ ಎಲೆಯವೇ. ನಾನು ಒಮ್ಮೆ ಗಾಳಿ ಇದ್ದಾಗ ಹೊಡೆದೆ. ಪಕ್ಕದ ಹೊಲದ ಹತ್ತಿಯ ಎಳೆ ಎಲೆಗಳೆಲ್ಲ ಸೀಳಿ, ಬೆಂಡೆ ಎಲೆಯ ಹಾಗಾದವು. ಆ ಮನೆಯವರ ಮುಂದೆ ನಿಲ್ಲಲು ನನಗೆ ಬಹಳ ಸಂಕಟವಾಯಿತು. ಅವತ್ತಿನಿಂದ ಆಳು ಹಚ್ಚಿಯೇ ಕಸ ತೆಗೆಸುತ್ತೇನೆ.

ಇನ್ನು ಗೊಬ್ಬರ. ನಮ್ಮ ಎರೆ ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಸಾಕಷ್ಟಿರುತ್ತದೆ, ಕಡಿಮೆ ಇರುವುದು ಸಾರಜನಕ. ಮಣ್ಣು ಪರೀಕ್ಷೆ ಮಾಡಿಸಿ. ತಿಪ್ಪೆ ಗೊಬ್ಬರ ಚೆನ್ನಾಗಿ ಕಳಿತಿರಲಿ, ಹಸಿ ಗೊಬ್ಬರದ ಜೊತೆ ಕಸದ ಬೀಜವೂ ಹೊಲ ಸೇರುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ನಾನು ಎಕರೆಗೆ ವರ್ಷಕ್ಕೆ ಒಂದೇ ಚೀಲ, ಅದೂ ಎರಡು ಸಲ ಮಾಡಿ ಹಾಕುತ್ತೇನೆ. ಕಸ ತೆಗೆದ ಮೇಲೆ, ಮಣ್ಣು ಹಸಿ ಇದ್ದಾಗ ಹಾಕಿ ಎಡೆಕುಂಟೆಯಿಂದ ಮುಚ್ಚಿ. ನಮ್ಮ ಸುಣ್ಣದ ಮಣ್ಣಿನಲ್ಲಿ ಸುಮ್ನೆ ಮೇಲೆ ಚೆಲ್ಲಿದರೆ ಅರ್ಧ ಗಾಳಿಗೆ ಹೋಗಿಬಿಡಬಹುದು. ಜಾಸ್ತಿ ಹಾಕಿದರೆ ಎಲೆ ಸೊಕ್ಕುತ್ತದೆ, ಗಿಡ ಮಲಗುತ್ತದೆ, ಬೀಜ ಕೈಗೆ ಸಿಗುವುದಿಲ್ಲ.

ಹಳದಿ ಆಗಿದ್ದಕ್ಕೆ ಸಾರಜನಕವೇ ಕಾರಣ ಅಂತ ಈಗಲೇ ತಿಳಿಯಬೇಡಿ. ಅಂಜನಕ್ಕೆ ನಿಂತ ನೀರು ಆಗಿಬರುವುದಿಲ್ಲ. ಮಳೆಯಾದ ಮರುದಿನ ಹೊಲಕ್ಕೆ ಹೋಗಿ ನೋಡಿ. ಹಳದಿ ಇರುವುದು ತಗ್ಗಿನಲ್ಲಿ ಮಾತ್ರ ಅಂದರೆ, ಮೊದಲು ನೀರು ಹೋಗಲು ಒಂದು ಕಾಲುವೆ ತೆಗೆಯಿರಿ.