ಬೈಯುವುದಕ್ಕಾದರೂ ಒಂದು ಹೆಸರು ಬೇಡವೇ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಮಗಳ ಮನೆಗೆಂದು ಇಂಗ್ಲೆಂಡಿನ ಶೆಫೀಲ್ಡ್‌ಗೆ ಹೋಗಿ ಬಂದಿದ್ದಾರೆ. ಅವರ ಕಾಗದದ ಸಾರ ಇಷ್ಟು: ‘ಅಲ್ಲಿ ಪೊಲೀಸರ ಮೇಲೆ ಕಣ್ಣಿಡಲು ಜನರೇ ಓಟು ಹಾಕಿ ಒಬ್ಬ ಕಮಿಷನರನ್ನು ಆರಿಸುತ್ತಿದ್ದರಂತೆ. ಓಟು ಹಾಕಲು ಯಾರೂ ಬರಲಿಲ್ಲ, ಆರಿಸಿದವನೂ ಸರಿಯಿರಲಿಲ್ಲ, ಈಗ ಸರ್ಕಾರವೇ ಆ ಹುದ್ದೆಗೆ ಬೀಗ ಹಾಕುತ್ತಿದೆ. ರಾಜಕಾರಣಿಗಳನ್ನು ಪೊಲೀಸರಿಂದ ದೂರ ಇಡಬೇಕು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ದಯವಿಟ್ಟು ಇದನ್ನು ಬರೆಯಿರಿ.’

ಬರೆಯುತ್ತೇನೆ ಮೇಷ್ಟ್ರೇ. ಆದರೆ ನೀವು ಅಂದುಕೊಂಡ ಹಾಗಲ್ಲ.

ನಿಮ್ಮ ಮಾತಿನಲ್ಲಿ ನಿಜ ಇಲ್ಲ ಅಂತಲ್ಲ. 2012ರ ನವೆಂಬರ್ 15ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನ 41 ಪ್ರದೇಶಗಳಲ್ಲಿ ಮೊದಲ ಸಲ ‘ಪೊಲೀಸ್ ಆ್ಯಂಡ್ ಕ್ರೈಮ್ ಕಮಿಷನರ್’ ಚುನಾವಣೆ ನಡೆದಾಗ ಮತ ಹಾಕಿದವರು ನೂರಕ್ಕೆ 15 ಜನ. ವೇಲ್ಸ್‌ನ ನ್ಯೂಪೋರ್ಟ್ ಊರಿನ ಒಂದು ಮತಗಟ್ಟೆಗೆ ಬೆಳಗಿನಿಂದ ರಾತ್ರಿಯವರೆಗೆ ಒಬ್ಬ ಮತದಾರನೂ ಬರಲಿಲ್ಲ. ಚಳಿಗಾಲ, ಕತ್ತಲು, ಅಭ್ಯರ್ಥಿ ಯಾರೆಂದು ಯಾರಿಗೂ ಗೊತ್ತಿಲ್ಲ. ಖರ್ಚು ದಂಡ ಅಂತ ಯಾರಿಗಾದರೂ ಅನ್ನಿಸುತ್ತದೆ. ಒಪ್ಪಿದೆ.

ನಮ್ಮ ಓದುಗರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಇವರು ಬೆಂಗಳೂರು, ಮೈಸೂರಿನ ಪೊಲೀಸ್ ಕಮಿಷನರ್ ತರಹ ಖಾಕಿ ಹಾಕಿದ ಐಪಿಎಸ್ ಅಧಿಕಾರಿಗಳಲ್ಲ. ಸುಮಾರಾಗಿ ನಮ್ಮ ಕಾರ್ಪೊರೇಟರ್, ಜಿಲ್ಲಾ ಪಂಚಾಯಿತಿ ಸದಸ್ಯರಂಥ ಸ್ಥಳೀಯ ರಾಜಕಾರಣಿಗಳು. ಪೊಲೀಸ್ ಬಜೆಟ್ ನಿರ್ಧರಿಸುವುದು, ಮುಖ್ಯ ಪೊಲೀಸ್ ಅಧಿಕಾರಿಯನ್ನು ನೇಮಿಸುವುದು, ಬೇಕಾದರೆ ತೆಗೆಯುವುದು ಇವರ ಕೆಲಸ. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಅನ್ನೋದರಲ್ಲಿ ಮಾತ್ರ ಕೈ ಹಾಕುವ ಹಾಗಿಲ್ಲ. ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ ಅಂತ ಕೇಳಿಕೊಳ್ಳುತ್ತೇನೆ.

‘ಆರಿಸಿದವನೂ ಸರಿಯಿರಲಿಲ್ಲ’ ಅಂದಿರಿ. ನಿಮ್ಮ ಮಗಳ ಊರಿನ ಕತೆಯನ್ನೇ ತೆಗೆದುಕೊಳ್ಳೋಣ. ಶೆಫೀಲ್ಡ್ ಇರುವ ಸೌತ್ ಯಾರ್ಕ್‌ಷೈರ್‌ನಲ್ಲಿ ಮೊದಲು ಗೆದ್ದವರು ಶಾನ್ ರೈಟ್. ಪಕ್ಕದ ರಾದರಂ ಊರಿನ ಲೇಬರ್ ಪಕ್ಷದ ಕೌನ್ಸಿಲರ್ ಆಗಿದ್ದವರು. 2005ರಿಂದ 2010ರವರೆಗೆ ಅಲ್ಲಿ ಮಕ್ಕಳ ಇಲಾಖೆಯ ಹೊಣೆ ಅವರದೇ. 2014ರ ಆಗಸ್ಟ್‌ನಲ್ಲಿ ಅಲೆಕ್ಸಿಸ್ ಜೇ ಎಂಬುವರ ವರದಿ ಬಂತು. 1997ರಿಂದ 2013ರ ನಡುವೆ ರಾದರಂನಲ್ಲಿ ಕಡಿಮೆಯೆಂದರೂ 1,400 ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ, ಕೌನ್ಸಿಲ್ ಮತ್ತು ಪೊಲೀಸರು ಕಣ್ಣು ಮುಚ್ಚಿ ಕೂತಿದ್ದರು ಅಂತ ಅದರಲ್ಲಿತ್ತು. ಓದುವಾಗ ಹೊಟ್ಟೆ ತೊಳಸುವ ವರದಿ.

ರೈಟ್ ರಾಜೀನಾಮೆ ಕೊಡಲಿಲ್ಲ. ಗೃಹಮಂತ್ರಿ ಥೆರೇಸಾ ಮೇ ಹೋಗಿ ಅಂದರು. ಸ್ವಂತ ಪಕ್ಷ ಹೋಗಿ ಅಂದಿತು. ಅವರು ಪಕ್ಷವನ್ನೇ ಬಿಟ್ಟರು, ಕುರ್ಚಿ ಬಿಡಲಿಲ್ಲ. ಪಾರ್ಲಿಮೆಂಟಿನ ಸಮಿತಿಯ ಮುಂದೆ ಕೂರಿಸಿ ಬೆವರಿಳಿಸಿದರು. ಆಮೇಲೆ ಸ್ಥಳೀಯ ಸಮಿತಿಯ ಸಭೆ. ಹಿಂದಿನ ಸಾಲಿನಲ್ಲಿ ಕೂತ ಊರ ಜನ ಕೂಗಾಡಿದರು. ಕಾನೂನಿನಲ್ಲಿ ಅವರನ್ನು ಕಿತ್ತುಹಾಕುವ ದಾರಿಯೇ ಇರಲಿಲ್ಲ. ಆರಿಸಿದ ಜನಕ್ಕೂ ಇಲ್ಲ, ಮಂತ್ರಿಗೂ ಇಲ್ಲ. ಮೂರು ವಾರ ಎಳೆದಾಡಿ ಸೆಪ್ಟೆಂಬರ್ 16ರಂದು ಅವರೇ ಹೋದರು.

ಇದು ಆ ಹುದ್ದೆಯ ಸೋಲು ಅಂತ ನೀವು ಹೇಳುತ್ತೀರಿ. ನನಗೆ ಕಂಡದ್ದು ಬೇರೆ. ಅದೇ ವರದಿಯಲ್ಲಿ ತಪ್ಪಿತಸ್ಥ ಅಧಿಕಾರಿಗಳೂ ಇದ್ದರು ತಾನೇ? ಅವರಲ್ಲಿ ಎಷ್ಟು ಜನರ ಮುಖ ಊರಿಗೆ ಗೊತ್ತಿತ್ತು? ರೈಟ್ ಮುಖ ಎಲ್ಲರಿಗೂ ಗೊತ್ತಿತ್ತು. ಜನರ ಸಿಟ್ಟಿಗೆ ಒಂದು ವಿಳಾಸ ಇತ್ತು. ಬಾಗಿಲಿಲ್ಲದ ಮನೆ ಕಟ್ಟಿದ್ದು ಕಾನೂನು ಬರೆದವರ ತಪ್ಪು. ಅದಕ್ಕೆ ಬಾಗಿಲು ಇಡಬೇಕೇ ಹೊರತು ಮನೆ ಕೆಡವುವುದು ಯಾವ ಜಾಣತನ?

ಅವರ ನಂತರ ಉಪಚುನಾವಣೆಯಲ್ಲಿ ಗೆದ್ದವರು ಆ್ಯಲನ್ ಬಿಲ್ಲಿಂಗ್ಸ್. ನನಗೆ ಈ ಮನುಷ್ಯನ ಬಗ್ಗೆ ಒಂಥರಾ ಪ್ರೀತಿ. ಪಾದ್ರಿ, ಒಂದು ಕಾಲಕ್ಕೆ ಶೆಫೀಲ್ಡ್ ಕೌನ್ಸಿಲ್‌ನ ಉಪನಾಯಕ. ಹತ್ತು ವರ್ಷ, 2024ರವರೆಗೆ, ಆ ಕುರ್ಚಿಯಲ್ಲಿದ್ದರು. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೊ ಫುಟ್‌ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಸತ್ತರಲ್ಲ, ಈಗ ಲೆಕ್ಕ 97, ಆ ಸಾವುಗಳ ವಿಚಾರಣೆಯ ತೀರ್ಪು ಬಂದದ್ದು 2016ರ ಏಪ್ರಿಲ್ 26ಕ್ಕೆ. ಕಾನೂನುಬಾಹಿರವಾಗಿ ಆದ ಸಾವುಗಳು ಅಂತ ಜ್ಯೂರಿ ಹೇಳಿತು. ಮರುದಿನವೇ ಬಿಲ್ಲಿಂಗ್ಸ್ ತಮ್ಮ ಮುಖ್ಯ ಪೊಲೀಸ್ ಅಧಿಕಾರಿ ಡೇವಿಡ್ ಕ್ರಾಂಪ್ಟನ್‌ರನ್ನು ಅಮಾನತು ಮಾಡಿದರು. ಜನರ ವಿಶ್ವಾಸ ಹೋಗಿದೆ ಅನ್ನೋದು ಅವರ ಕಾರಣ. ಕ್ರಾಂಪ್ಟನ್ ಕೋರ್ಟಿಗೆ ಹೋದರು. 2017ರಲ್ಲಿ ಹೈಕೋರ್ಟ್ ಆ ಕ್ರಮ ಸರಿಯಲ್ಲ ಅಂತ ರದ್ದು ಮಾಡಿತು.

ಅಂದರೆ ಪಾದ್ರಿ ಎಡವಿದರು. ಆದರೆ ಹೇಗೆ ಎಡವಿದರು ನೋಡಿ. ಆದೇಶಕ್ಕೆ ಅವರ ಸಹಿ ಇತ್ತು, ಕಾರಣ ಬರೆದಿತ್ತು, ಆ ಕಾರಣವನ್ನು ಕೋರ್ಟು ಎಳೆಎಳೆಯಾಗಿ ಬಿಡಿಸಿ ನೋಡಿತು. ನಮ್ಮಲ್ಲಿ ಒಬ್ಬ ಇನ್‌ಸ್ಪೆಕ್ಟರ್ ಎತ್ತಂಗಡಿಯಾದರೆ ನಿಮಗೆ ಸಿಗುವುದು ಏನು? ‘ಆಡಳಿತಾತ್ಮಕ ಕಾರಣ’ ಅನ್ನೋ ಎರಡು ಪದ.

ರಾಜಕಾರಣಿಗಳನ್ನು ದೂರ ಇಡಬೇಕು ಅಂದಿರಲ್ಲ, ದೂರ ಇದ್ದಾರೆ ಅಂತ ನಿಮಗೆ ಯಾರು ಹೇಳಿದರು ಮೇಷ್ಟ್ರೇ? ನನ್ನ ಬೈಕು ಕಳುವಾದಾಗ ದೂರು ಕೊಡಲು ಒಂದು ಠಾಣೆಗೆ ಹೋಗಿದ್ದೆ. ಬರೆದುಕೊಳ್ಳಬೇಕಾದವರು ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ. ‘ಎಮ್ಮೆಲ್ಲೆ ಕಡೆಯಿಂದ ಒಂದು ಫೋನ್ ಮಾಡಿಸಿಬಿಡಿ ಸಾರ್, ನಮಗೂ ಸಲೀಸು’ ಅಂದರು. ಎಷ್ಟು ವಿನಯ ಅಂತೀರಿ! ಪಾಪ, ಅವರು ಸುಳ್ಳೇನೂ ಹೇಳಲಿಲ್ಲ. ಆ ಫೋನಿಗೆ ಚುನಾವಣೆ ಇಲ್ಲ, ಸಹಿ ಇಲ್ಲ, ಅದನ್ನು ಯಾವ ಕೋರ್ಟಿನಲ್ಲಿ ಪ್ರಶ್ನಿಸುತ್ತೀರಿ?

2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆಲ್ಲ ಮದ್ದು ಬರೆದುಕೊಟ್ಟಿತು. ರಾಜ್ಯ ಭದ್ರತಾ ಆಯೋಗ, ವರ್ಗಾವಣೆಗೊಂದು ಮಂಡಳಿ, ಜಿಲ್ಲೆಯ ಮಟ್ಟದಲ್ಲೂ ಪೊಲೀಸ್ ದೂರು ಪ್ರಾಧಿಕಾರ. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿಯನ್ನೂ ತಂದಿತು. ಹೋಗಲಿ, ನಿಮ್ಮ ಜಿಲ್ಲೆಯ ದೂರು ಪ್ರಾಧಿಕಾರದ ಕಚೇರಿ ಯಾವ ರಸ್ತೆಯಲ್ಲಿದೆ, ನಿಮಗೆ ಗೊತ್ತಾ? ಊರಿನ ಬಗ್ಗೆ ಎಲ್ಲ ಗೊತ್ತಿರುವ ನಿಮಗೇ ಗೊತ್ತಿಲ್ಲದಿದ್ದರೆ ಸಂತೆಗೆ ಬಂದವನು ಯಾರನ್ನು ಕೇಳಬೇಕು?

ಪೊಲೀಸ್ ವಿಷಯ ಬಿಡಿ. ಆರಿಸಿ ಬಂದವರು ಬೇಡ, ಅಧಿಕಾರಿಗಳೇ ಸಾಕು ಅನ್ನೋ ಈ ರೋಗ ಜಾಸ್ತಿಯಾಗಿದೆ. ಬಿಬಿಎಂಪಿಗೆ ಕೊನೆಯ ಚುನಾವಣೆ ಆದದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಆಮೇಲೆ ಒಬ್ಬ ಕಾರ್ಪೊರೇಟರೂ ಇಲ್ಲದೆ ಅಷ್ಟು ದೊಡ್ಡ ಊರನ್ನು ವರ್ಷಗಟ್ಟಲೆ ನಡೆಸಿದರು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಕತೆಯೂ ಅದೇ. 2021ರಲ್ಲಿ ಅವಧಿ ಮುಗಿದು, ಸಭಾಂಗಣದ ಕುರ್ಚಿಗಳ ಮೇಲೆ ಧೂಳು ಕೂತಿತು. ಯಾವನಾದರೂ ಬೀದಿಗಿಳಿದನೇ? ಓದಿದವರಲ್ಲಿ ಅನೇಕರು ‘ಒಳ್ಳೇದೇ ಆಯ್ತು ಬಿಡಿ’ ಅಂದರು. ಅಂಥ ಕಾಗದಗಳು ನನ್ನ ಮೇಜಿಗೂ ಬಂದಿವೆ. ಅವುಗಳಲ್ಲಿ ಕೈಬರಹ ಯಾವಾಗಲೂ ಚೆನ್ನಾಗಿರುತ್ತದೆ.

ಇನ್ನು ಬೀಗದ ವಿಚಾರ. 2025ರ ನವೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ಈ ಕಮಿಷನರ್‌ಗಳನ್ನು 2028ಕ್ಕೆ ರದ್ದು ಮಾಡುವುದಾಗಿ ಹೇಳಿದ್ದು ನಿಜ. ಆದರೆ ಕೆಲಸವನ್ನು ಕೊಡುವುದು ಯಾರಿಗೆ? ಮೇಯರ್ ಇರುವ ಕಡೆ ಮೇಯರ್‌ಗೆ, ಇಲ್ಲದ ಕಡೆ ಸ್ಥಳೀಯ ಕೌನ್ಸಿಲ್‌ಗಳ ನಾಯಕರಿರುವ ಮಂಡಳಿಗೆ. ನಿಮ್ಮ ಮಗಳ ಊರಿನಲ್ಲಿ 2024ರಲ್ಲೇ ಅದು ಮೇಯರ್ ಆಲಿವರ್ ಕೊಪಾರ್ಡ್ ಕೈಗೆ ಹೋಗಿದೆ. ಅವರೂ ಓಟು ಕೇಳಿ ಬಂದ ರಾಜಕಾರಣಿಯೇ. ಪೊಲೀಸರನ್ನು ಪೊಲೀಸರ ಕೈಗೇ ಒಪ್ಪಿಸಿ ಯಾರೂ ಮನೆಗೆ ಹೋಗಿಲ್ಲ.

ಕೊನೆಗೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅಲ್ಲಿ ನೆಲೆಸಿದ ಭಾರತೀಯರು ಕಾಮನ್‌ವೆಲ್ತ್ ದೇಶದವರಾದ್ದರಿಂದ, ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡೇ ಈ ಚುನಾವಣೆಗಳಲ್ಲಿ ಓಟು ಹಾಕಬಹುದು. 2021ರಲ್ಲಿ ಬಿಲ್ಲಿಂಗ್ಸ್ ಮತ್ತೆ ನಿಂತಾಗ ನಿಮ್ಮ ಮಗಳು ಶೆಫೀಲ್ಡ್‌ನಲ್ಲೇ ಇದ್ದರಾ? ಮತಗಟ್ಟೆಗೆ ಹೋಗಿದ್ದರಾ? ಹೋಗಿದ್ದರೆ ಒಂದು ಪುಟ ಬರೆದು ಕಳಿಸಲು ಹೇಳಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಹೋಗಿರದಿದ್ದರೆ ಯಾಕೆ ಹೋಗಲಿಲ್ಲ ಅಂತ ಬರೆದರೂ ಆದೀತು.

– ಸಂ.