ಪ್ರತಿಕ್ರಿಯೆ: ಹೊಸ ಬ್ಲೇಡ್ ಹಾಕಿದರೂ ಹಲಗೆ ಅಲೆ ಅಲೆಯಾಗಿ ಬರುತ್ತಿದೆ

ನಿಮ್ಮ ಬ್ಯಾಂಡ್‌ಸಾ ಮಿಲ್‌ಗೆ (ಚಕ್ರಗಳ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡಿನಿಂದ ದಿಮ್ಮಿ ಕೊಯ್ಯುವ ಯಂತ್ರ) ಹೊಸ ಬ್ಲೇಡ್ ಹಾಕಿದ ಮೇಲೂ ಹಲಸಿನ ಹಲಗೆ ಅಲೆಯಾಗುತ್ತಿದೆ ಅಂದರೆ ತಪ್ಪು ಬಹುಶಃ ಗೈಡ್ ರೋಲರ್‌ಗಳದ್ದು, ಅಂದರೆ ದಿಮ್ಮಿಯ ಎರಡೂ ಬದಿ ಬ್ಲೇಡನ್ನು ಗೆರೆಯಲ್ಲಿ ಹಿಡಿಯುವ ಉರುಳೆಗಳದ್ದು. ನೀವು ಬರೆದ ಹಾಗೆ ಅವು ಬ್ಲೇಡಿಗೆ ಬರೀ ತಾಗಿಕೊಂಡಿದ್ದರೆ ಸಾಲದು.

ಇಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಿ, ಬ್ಲೇಡಿನ ಟೆನ್ಶನ್ (ಬಿಗಿತ) ಸಡಿಲಿಸಿ. ಎರಡೂ ರೋಲರ್ ಇಳಿಸಿ, ಬ್ಲೇಡನ್ನು ಅದರ ಸಹಜ ಗೆರೆಗಿಂತ ಸುಮಾರು 6 ಮಿ.ಮೀ. ಕೆಳಗೆ ಒತ್ತುವಂತೆ ಕೂರಿಸಿ, ಮತ್ತೆ ಬಿಗಿ ಮಾಡಿ. ಈಗ ಒಂದಡಿಯ ನೇರ ಪಟ್ಟಿಯನ್ನು ಬ್ಲೇಡಿಗೆ ಅಡ್ಡಲಾಗಿ, ಹಲ್ಲುಗಳ ಸಂದಿನಲ್ಲಿ ಕೂರುವಂತೆ ಹಿಡಿದು, ಪಟ್ಟಿಯ ಎರಡೂ ತುದಿಯಿಂದ ಬೆಡ್‌ಗೆ (ದಿಮ್ಮಿ ಕೂರಿಸುವ ಚೌಕಟ್ಟಿಗೆ) ಅಳೆಯಿರಿ. ಅಳತೆ ಒಂದೇ ಬರಬೇಕು. ಹಲ್ಲಿನ ಕಡೆ ಎತ್ತಿದ್ದರೆ ಬ್ಲೇಡ್ ಮೇಲೇರುತ್ತದೆ, ತಗ್ಗಿದ್ದರೆ ಮುಳುಗುತ್ತದೆ. ಇಲ್ಲಿ ಅವಸರ ಬೇಡ. ನನ್ನ ಮಿಲ್‌ನಲ್ಲಿ 1 ಮಿ.ಮೀ. ವ್ಯತ್ಯಾಸವೇ ಇಡೀ ದಿಮ್ಮಿ ಕೆಡಿಸಿತ್ತು.

ಪಕ್ಕಕ್ಕೆ ಸರಿಸಬಹುದಾದ ಗೈಡ್ ರೋಲರನ್ನು ದಿಮ್ಮಿಯ ಹತ್ತಿರಕ್ಕೆ ತನ್ನಿ. ನಿಮ್ಮ ಮಿಲ್‌ನಲ್ಲಿ ಬ್ಲೇಡ್ ಸುತ್ತುವುದು ಕಾರಿನ ಟೈರ್ ಚಕ್ರದ ಮೇಲೆ, ಹಾಗಾಗಿ ಗಾಳಿಯನ್ನೂ ನೋಡಿ: ಇಳಿದರೆ ಟೆನ್ಶನ್ ಕೂಡ ಇಳಿಯುತ್ತದೆ. ಹಲಸಿನ ಮೇಣ ಬ್ಲೇಡಿಗೆ ಕರಿ ಪಟ್ಟೆಯಾಗಿ ಅಂಟುತ್ತದೆ, ಸೋಪು ನೀರು ತೊಟ್ಟಿಕ್ಕಿಸಿ.

6 ಇಂಚು ಅಗಲದ ತುಂಡು ಮೊದಲು ಕೊಯ್ದು ನೋಡಿ. ಅದು ನೇರ ಬಂದು ಅಗಲದ ದಿಮ್ಮಿ ಮಾತ್ರ ಅಲೆಯಾದರೆ, ನೋಡದೆ ಖಚಿತ ಹೇಳಲಾರೆ, ಆದರೆ ಟೆನ್ಶನ್ ಹೆಚ್ಚಿಸಿ ತಳ್ಳುವ ವೇಗ ತಗ್ಗಿಸುವುದರಿಂದ ಶುರು ಮಾಡಿ.